ಬೇಸ್‌ಬಾಲ್‌ನಲ್ಲಿ ಚೆಂಡು ಎಸೆಯುವ ಪಿಚರ್ ಎಷ್ಟು ಒಳ್ಳೆಯವನು ಅಂತ ಗೊತ್ತಾಗುವುದು ಹೇಗೆ?

1998ರ ಸೆಪ್ಟೆಂಬರ್ 27. ಬ್ಲೂ ಜೇಸ್ ತಂಡಕ್ಕೆ ಟೊರೊಂಟೊದಲ್ಲಿ ಸೀಸನ್‌ನ ಕೊನೆಯ ಪಂದ್ಯ. ಮೌಂಡ್ ಮೇಲೆ, ಅಂದರೆ ಪಿಚರ್ ಎಸೆಯುವ ದಿಬ್ಬದ ಮೇಲೆ, ನಿಂತಿದ್ದವನು ರಾಯ್ ಹ್ಯಾಲಡೇ. ವಯಸ್ಸು 21, ಬೇಸ್‌ಬಾಲ್‌ನ ಅತಿ ಮೇಲಿನ ದರ್ಜೆಯಾದ ಮೇಜರ್ ಲೀಗ್‌ನಲ್ಲಿ ಅದು ಅವನ ಎರಡನೇ ಪಂದ್ಯ. ಎದುರಿಗೆ ಡೆಟ್ರಾಯಿಟ್ ಟೈಗರ್ಸ್. ಕೊನೆಯದಾದ ಒಂಬತ್ತನೇ ಇನ್ನಿಂಗ್, ಇಬ್ಬರು ಔಟ್, ಅಲ್ಲಿಯವರೆಗೆ ಟೈಗರ್ಸ್‌ಗೆ ಒಂದೇ ಒಂದು ಹಿಟ್ (ಚೆಂಡು ಹೊಡೆದು ಬೇಸ್ ತಲುಪುವುದು) ಸಿಕ್ಕಿಲ್ಲ. ಇನ್ನೊಬ್ಬ ಔಟಾದರೆ ನೋ-ಹಿಟರ್. ಆಗ ಬದಲಿ ಬ್ಯಾಟರ್ ಆಗಿ ಬಂದ ಬಾಬಿ ಹಿಗ್ಗಿನ್ಸನ್ ಚೆಂಡನ್ನು ಬೇಲಿ ದಾಟಿಸಿ ಹೋಮ್ ರನ್ ಹೊಡೆದ. ಚೆಂಡು ಹೋಗಿ ಬಿದ್ದಿದ್ದು ಬ್ಲೂ ಜೇಸ್‌ನವರದೇ ಬುಲ್‌ಪೆನ್‌ಗೆ (ಬದಲಿ ಪಿಚರ್‌ಗಳು ಕಾಯುವ ಜಾಗ), ಅಲ್ಲಿ ಅದನ್ನು ಹಿಡಿದವನು ಡೇವ್ ಸ್ಟೀಬ್. ಹತ್ತು ವರ್ಷದ ಹಿಂದೆ, 1988ರ ಸೆಪ್ಟೆಂಬರ್‌ನಲ್ಲಿ, ಒಂದರ ಹಿಂದೆ ಒಂದರಂತೆ ಎರಡು ಪಂದ್ಯಗಳಲ್ಲಿ ಇದೇ ಒಂಬತ್ತನೇ ಇನ್ನಿಂಗ್‌ನ ಕೊನೆಯ ಔಟ್ ಹತ್ತಿರ ಬಂದು ನೋ-ಹಿಟರ್ ಕಳೆದುಕೊಂಡಿದ್ದ ಅದೇ ಸ್ಟೀಬ್.

ಅವತ್ತು ನೋಡಿದವರೆಲ್ಲ ಒಬ್ಬ ದೊಡ್ಡ ಪಿಚರ್ ಹುಟ್ಟಿದ ಅಂದುಕೊಂಡಿರುತ್ತಾರೆ. ಎರಡೇ ವರ್ಷ. 2000ದಲ್ಲಿ ಅದೇ ಹ್ಯಾಲಡೇಯ ಇಆರ್‌ಎ 10.64. ಅಂದರೆ ಪ್ರತಿ ಒಂಬತ್ತು ಇನ್ನಿಂಗ್‌ಗೆ ಹತ್ತಕ್ಕಿಂತ ಜಾಸ್ತಿ ರನ್ ಕೊಟ್ಟ, ಅದೂ ಫೀಲ್ಡರ್‌ಗಳ ತಪ್ಪಿನಿಂದ ಬಂದ ರನ್ ಬಿಟ್ಟು. ಅಷ್ಟು ಇನ್ನಿಂಗ್ ಎಸೆದ ಪಿಚರ್‌ಗಳಲ್ಲಿ ಇಷ್ಟು ಕೆಟ್ಟ ಲೆಕ್ಕ ಹುಡುಕಿದರೂ ಸಿಗುವುದು ಕಷ್ಟ. ಈಗ ನೋಡಿದವರು ಹುಡುಗನ ಕಥೆ ಮುಗಿಯಿತು ಅಂದರು.

ಎರಡೂ ಅಂದಾಜು ತಪ್ಪಾಯಿತು. ಪಿಚರ್‌ನ ನಿಜವಾದ ತಾಕತ್ತು ಅಳೆಯುವುದು ಯಾಕೆ ಇಷ್ಟು ಕಷ್ಟ ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಇವನೇ. ಕೈಯಲ್ಲಿ ಅಂಕಿ ಇಲ್ಲ ಅಂತಲ್ಲ. ಅಂಕಿ ಬೇಕಾದಷ್ಟಿದೆ. ಯಾವ ಅಂಕಿ ಪಿಚರ್‌ನ ಬಗ್ಗೆ ಮಾತಾಡುತ್ತದೆ, ಯಾವುದು ಅವನ ಅಕ್ಕಪಕ್ಕದವರ ಬಗ್ಗೆ ಮಾತಾಡುತ್ತದೆ ಅನ್ನುವುದನ್ನು ಬಿಡಿಸಿಕೊಳ್ಳುವುದೇ ಕಷ್ಟ.

ಗೆಲುವು-ಸೋಲಿನ ಲೆಕ್ಕವನ್ನು ಮೊದಲು ಪಕ್ಕಕ್ಕಿಟ್ಟುಬಿಡೋಣ. ಬೇಸ್‌ಬಾಲ್‌ನಲ್ಲಿ ತಂಡದ ಗೆಲುವನ್ನು ಒಬ್ಬ ಪಿಚರ್‌ನ ಹೆಸರಿಗೆ ಬರೆಯುವ ಹಳೇ ಪದ್ಧತಿ ಇದೆ. 2025ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್‌ನ ಪಾಲ್ ಸ್ಕೀನ್ಸ್ ಹೆಸರಿಗೆ ಬಂದಿದ್ದು 10 ಗೆಲುವು, 10 ಸೋಲು. ಅವನ ಇಆರ್‌ಎ 1.97. ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಒಂದಾದ ನ್ಯಾಷನಲ್ ಲೀಗ್‌ನಲ್ಲಿ ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಅವನಿಗೆ ಒಮ್ಮತದಿಂದ ಸಿಕ್ಕಿತು, ಒಂದು ಮತವೂ ಆಚೀಚೆ ಹೋಗಲಿಲ್ಲ. ತಂಡದ ಬ್ಯಾಟರ್‌ಗಳು ರನ್ ಹೊಡೆಯದಿದ್ದರೆ ಪಿಚರ್ ಏನು ಮಾಡಬೇಕು, ಅಲ್ವಾ? ಪ್ರಶಸ್ತಿಗೆ ಮತ ಹಾಕುವವರಿಗೆ ಇದು ಅರ್ಥವಾಗಲು ತುಂಬ ಕಾಲ ಹಿಡಿಯಿತು. 1987ರಲ್ಲಿ ನೋಲನ್ ರಯಾನ್ 2.76 ಇಆರ್‌ಎಯಿಂದ ಲೀಗ್‌ಗೇ ಮೊದಲಿಗನಾಗಿದ್ದ, ಹೆಸರಿಗೆ ಬಂದಿದ್ದು 8 ಗೆಲುವು, 16 ಸೋಲು. ಆ ವರ್ಷದ ಪ್ರಶಸ್ತಿ ಬೇರೆಯವರ ಪಾಲಾಯಿತು. 2010ರಲ್ಲಿ 13-12 ಲೆಕ್ಕವಿದ್ದ ಫೆಲಿಕ್ಸ್ ಹೆರ್ನಾಂಡೆಜ್‌ಗೆ ಪ್ರಶಸ್ತಿ ಕೊಟ್ಟಾಗ ಗಾಳಿ ಬದಲಾಗಿದ್ದು ಗೊತ್ತಾಯಿತು.

ಇಆರ್‌ಎ ಇದಕ್ಕಿಂತ ಎಷ್ಟೋ ವಾಸಿ. ಆದರೆ ಅದೂ ಜಂಟಿ ಖಾತೆ ಇದ್ದ ಹಾಗೆ. ಬ್ಯಾಟಿಗೆ ತಗುಲಿದ ಚೆಂಡು ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಲ್ಲುವ ಫೀಲ್ಡರ್ ಆದ ಶಾರ್ಟ್‌ಸ್ಟಾಪ್‌ನ ಕೈಗೆ ಹೋಗುತ್ತದೋ, ಅವನ ಪಕ್ಕದ ಖಾಲಿ ಜಾಗದಲ್ಲಿ ನುಸುಳುತ್ತದೋ ಅನ್ನುವುದು ಪಿಚರ್‌ನ ಕೈಯಲ್ಲಿಲ್ಲ. ಚುರುಕು ಫೀಲ್ಡರ್ ಇದ್ದರೆ ಔಟ್, ನಿಧಾನದವನಿದ್ದರೆ ಹಿಟ್. ಇದು ಪಿಚರ್‌ನ ತಪ್ಪು ಅಂತ ಎರರ್ ಪಟ್ಟಿಯಲ್ಲೂ ಬರುವುದಿಲ್ಲ, ಫೀಲ್ಡರ್‌ನ ತಪ್ಪು ಅಂತಲೂ ಬರುವುದಿಲ್ಲ, ಸುಮ್ನೆ ಪಿಚರ್‌ನ ಲೆಕ್ಕಕ್ಕೆ ಒಂದು ಹಿಟ್ ಸೇರಿಕೊಳ್ಳುತ್ತದೆ. ಮೈದಾನವೂ ಇದರಲ್ಲಿ ಪಾಲುದಾರ. ಡೆನ್ವರ್‌ನ ಕೂರ್ಸ್ ಫೀಲ್ಡ್ ಇರುವುದು ಸಮುದ್ರ ಮಟ್ಟದಿಂದ ಸುಮಾರು ಒಂದು ಮೈಲಿ ಎತ್ತರದಲ್ಲಿ. ಅಲ್ಲಿನ ತೆಳು ಗಾಳಿಯಲ್ಲಿ ಚೆಂಡು ದೂರ ಹಾರುತ್ತದೆ, ಕರ್ವ್‌ಬಾಲ್ ಸರಿಯಾಗಿ ತಿರುಗುವುದಿಲ್ಲ.

2001ರಲ್ಲಿ ವೋರೋಸ್ ಮೆಕ್‌ಕ್ರಾಕನ್ ಎಂಬಾತ ಇದರ ಮೇಲೆ ಬರೆದ ಲೇಖನ ಬೇಸ್‌ಬಾಲ್ ನೋಡುವ ಕಣ್ಣನ್ನೇ ಬದಲಿಸಿತು. ಹೋಮ್ ರನ್ ಬಿಟ್ಟು, ಬ್ಯಾಟಿಗೆ ತಗುಲಿ ಮೈದಾನದೊಳಗೆ ಬಿದ್ದ ಚೆಂಡು ಹಿಟ್ ಆಗುವುದು ಬಿಡುವುದು ಹೆಚ್ಚಾಗಿ ಪಿಚರ್‌ನ ಹಿಡಿತದಲ್ಲಿಲ್ಲ ಅನ್ನುವುದು ಅವನ ವಾದ. ಮೊದಲು ಓದಿದವರಿಗೆ ಇದು ಹುಚ್ಚು ಮಾತು ಅನ್ನಿಸಿತು. ಆದರೆ ಪೆಡ್ರೊ ಮಾರ್ಟಿನೆಜ್‌ನ ಎರಡು ವರ್ಷಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 1999ರಲ್ಲಿ ಅಂತಹ ನೂರು ಚೆಂಡುಗಳಲ್ಲಿ ಸುಮಾರು 32 ಹಿಟ್ ಆದವು. ಮರುವರ್ಷ ಸುಮಾರು 24. ಪಿಚರ್ ಅವನೇ, ತಂಡ ಅದೇ, ಮೈದಾನವೂ ಅದೇ. 2000ದಲ್ಲಿ ಅವನ ಇಆರ್‌ಎ 1.74, 1999ರಲ್ಲಿ 2.07. ಇಆರ್‌ಎ ನೋಡಿದರೆ 2000 ದೊಡ್ಡ ವರ್ಷ. ಪೆಡ್ರೊ ತನ್ನ ಕೈಯಾರೆ ಮಾಡಿದ್ದನ್ನಷ್ಟೇ ನೋಡಿದರೆ 1999ರಲ್ಲಿ 313 ಸ್ಟ್ರೈಕೌಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್), ಬರೀ 37 ವಾಕ್ (ನಾಲ್ಕು ತಪ್ಪು ಎಸೆತಕ್ಕೆ ಬ್ಯಾಟರ್‌ಗೆ ಪುಕ್ಕಟೆ ಬೇಸ್), ಇಡೀ ಸೀಸನ್‌ನಲ್ಲಿ 9 ಹೋಮ್ ರನ್. ನನ್ನ ಮಟ್ಟಿಗೆ ಅವನ ಕೈ ಅತ್ಯುತ್ತಮವಾಗಿದ್ದದ್ದು ಆ ವರ್ಷ.

ಮೆಕ್‌ಕ್ರಾಕನ್ ವಾದದಲ್ಲಿ ಸ್ವಲ್ಪ ಅತಿ ಇತ್ತು ಅಂತ ಆಮೇಲೆ ಗೊತ್ತಾಯಿತು. ಹೆಚ್ಚು ತಿರುಗದೆ ಗಾಳಿಯಲ್ಲಿ ಓಲಾಡುವ ನಕಲ್‌ಬಾಲ್ ಎಸೆಯುವವರು, ಬ್ಯಾಟರ್‌ಗೆ ಸರಿಯಾಗಿ ಹೊಡೆಯಲು ಬಿಡದ ಕೆಲವರು ಇದರಲ್ಲೂ ನಿಜವಾದ ಕೌಶಲ ತೋರಿಸುತ್ತಾರೆ. ಆದರೆ ಪಿಚರ್‌ಗಳ ನಡುವೆ ಆ ವ್ಯತ್ಯಾಸ ಸಣ್ಣದು, ಅದು ಕಣ್ಣಿಗೆ ಕಾಣಬೇಕಾದರೆ ವರ್ಷಗಟ್ಟಲೆ ಲೆಕ್ಕ ಬೇಕು.

ಹಾಗಾಗಿ ಒಬ್ಬ ಪಿಚರ್‌ನನ್ನು ಹೊಸದಾಗಿ ನೋಡುವಾಗ ನಾನು ಮೊದಲು ಹೋಗುವುದು ಮೂರು ಸಂಖ್ಯೆಗಳ ಕಡೆಗೆ: ಸ್ಟ್ರೈಕೌಟ್, ವಾಕ್, ಹೋಮ್ ರನ್. ಈ ಮೂರರಲ್ಲಿ ಫೀಲ್ಡರ್‌ಗೆ ಕೆಲಸವೇ ಇಲ್ಲ. ಎಫ್‌ಐಪಿ ಅನ್ನುವ ಲೆಕ್ಕ ಹುಟ್ಟಿದ್ದು ಇದರಿಂದಲೇ. ಹೋಮ್ ರನ್ ಅನ್ನು 13ರಿಂದ, ವಾಕ್ ಮತ್ತು ಮೈಗೆ ತಗುಲಿದ ಚೆಂಡನ್ನು 3ರಿಂದ ಗುಣಿಸಿ ಕೂಡುತ್ತಾರೆ. ಅದರಿಂದ ಸ್ಟ್ರೈಕೌಟ್‌ನ ಎರಡರಷ್ಟು ಕಳೆದು, ಇನ್ನಿಂಗ್‌ನಿಂದ ಭಾಗಿಸಿ, ಇಆರ್‌ಎ ಜೊತೆ ಹೋಲಿಸಲು ಬರುವ ಹಾಗೆ ಒಂದು ಸ್ಥಿರ ಸಂಖ್ಯೆ ಸೇರಿಸುತ್ತಾರೆ. ಅಷ್ಟೇ. ಇದರಲ್ಲೂ ಎಲ್ಲ ಒಂದೇ ವೇಗದಲ್ಲಿ ನಂಬಿಕೆಗೆ ಬರುವುದಿಲ್ಲ. ಸ್ಟ್ರೈಕೌಟ್ ಪ್ರಮಾಣ ಬೇಗ ನೆಲೆಗೊಳ್ಳುತ್ತದೆ, ಕೆಲವು ಪಂದ್ಯ ಸಾಕು. ವಾಕ್‌ಗೆ ಇನ್ನೊಂದಿಷ್ಟು ಬೇಕು. ಹೋಮ್ ರನ್ ಒಂದೇ ಸೀಸನ್‌ನಲ್ಲಿ ಸಿಕ್ಕಾಪಟ್ಟೆ ಏರಿಳಿಯುತ್ತದೆ.

ಈ ಕಣ್ಣಿಂದ ಹ್ಯಾಲಡೇಯ 1999ಕ್ಕೆ ಹೋಗೋಣ. ಆ ವರ್ಷ ಅವನ ಇಆರ್‌ಎ 3.92. ಆ ಕಾಲದಲ್ಲಿ ರನ್ ಹೊಳೆ ಹರಿಯುತ್ತಿತ್ತು, 22 ವರ್ಷದ ಹುಡುಗನಿಗೆ 3.92 ಅಂದರೆ ಬೆನ್ನು ತಟ್ಟುವ ಸಂಖ್ಯೆ. ಆದರೆ ಸ್ಟ್ರೈಕೌಟ್ 82, ವಾಕ್ 79. ಹೆಚ್ಚು ಕಡಿಮೆ ಸರಿಸಮ. ಒಬ್ಬನನ್ನು ಸ್ಟ್ರೈಕೌಟ್ ಮಾಡಿದರೆ ಇನ್ನೊಬ್ಬನಿಗೆ ಪುಕ್ಕಟೆ ಬೇಸ್. ಇದು ಬಹಳ ದಿನ ನಡೆಯುವ ವ್ಯಾಪಾರ ಅಲ್ಲ. ಮರುವರ್ಷ 67 ಇನ್ನಿಂಗ್‌ಗಿಂತ ಸ್ವಲ್ಪ ಜಾಸ್ತಿ ಎಸೆದು 44 ಸ್ಟ್ರೈಕೌಟ್, 42 ವಾಕ್. ಅದೇ ಅನುಪಾತ. ಅದರ ಮೇಲೆ 14 ಹೋಮ್ ರನ್, 107 ಹಿಟ್. ಬ್ಯಾಟರ್‌ಗಳು ಅವನ ಚೆಂಡನ್ನು ಚೆನ್ನಾಗಿ ಜಪ್ಪಿದ್ದು ನಿಜ, ಅದರ ಜೊತೆ ದುರದೃಷ್ಟವೂ ಕೈ ಜೋಡಿಸಿತ್ತು. ಅಂದರೆ 3.92 ಅವನನ್ನು ಇದ್ದದ್ದಕ್ಕಿಂತ ಮೇಲೆ ತೋರಿಸಿತ್ತು, 10.64 ಇದ್ದದ್ದಕ್ಕಿಂತ ಕೆಳಗೆ ತೋರಿಸಿತು. ಒಳಗಿನ ಪಿಚರ್ ಎರಡೂ ವರ್ಷ ಹೆಚ್ಚು ಬದಲಾಗಿರಲಿಲ್ಲ.

ಇಷ್ಟು ಹಳೇ ಲೆಕ್ಕ. ಈಗ ತಂಡಗಳು ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಹೋಗಿವೆ. ಬ್ಯಾಟರ್ ಏನು ಮಾಡಿದ ಅಂತಲೂ ನೋಡುವುದಿಲ್ಲ, ಚೆಂಡು ಏನು ಮಾಡಿತು ಅಂತ ನೋಡುತ್ತವೆ. 2015ರಿಂದ ಮೇಜರ್ ಲೀಗ್‌ನ ಎಲ್ಲ ಮೈದಾನಗಳಲ್ಲೂ ಸ್ಟ್ಯಾಟ್‌ಕ್ಯಾಸ್ಟ್ ಇದೆ. ಪ್ರತಿ ಚೆಂಡಿನ ವೇಗ, ಸ್ಪಿನ್, ಎಷ್ಟು ಅಂಗುಲ ಅಡ್ಡ ಸರಿಯಿತು, ಎಷ್ಟು ಅಂಗುಲ ಬಿತ್ತು, ಕೈಯಿಂದ ಬಿಟ್ಟಾಗ ಎಷ್ಟು ಎತ್ತರದಲ್ಲಿತ್ತು, ಪಿಚರ್ ಎಷ್ಟು ಮುಂದಕ್ಕೆ ಚಾಚಿ ಬಿಟ್ಟ, ಎಲ್ಲ ದಾಖಲಾಗುತ್ತದೆ. ಇವನ್ನು ಒಟ್ಟು ಹಾಕಿ ಒಂದು ಚೆಂಡಿಗೆ ಅಂಕ ಕೊಡುವ ಮಾದರಿಗಳಿವೆ, ಬೇಸ್‌ಬಾಲ್‌ನವರು ಇದನ್ನು ಸ್ಟಫ್ ಅನ್ನುತ್ತಾರೆ. ಇದರ ಲಾಭ ಏನು ಅಂದರೆ ಕಾಯಬೇಕಾಗಿಲ್ಲ. ಫಾಸ್ಟ್‌ಬಾಲ್ ಗಂಟೆಗೆ 97 ಮೈಲಿ ವೇಗದಲ್ಲಿ ಬರುತ್ತದೋ ಇಲ್ಲವೋ ತಿಳಿಯಲು ಒಂದು ಸಂಜೆ ಸಾಕು.

ವೇಗಕ್ಕೆ ಇಷ್ಟು ಬೆಲೆ ಯಾಕೆ ಅಂತ ಅರ್ಥವಾಗಬೇಕಾದರೆ ಬ್ಯಾಟರ್‌ನ ಜಾಗದಲ್ಲಿ ನಿಂತುಕೊಳ್ಳಬೇಕು. ಮೌಂಡ್‌ನಿಂದ ಹೋಮ್ ಪ್ಲೇಟ್‌ಗೆ 60 ಅಡಿ 6 ಅಂಗುಲ. ಪಿಚರ್ ಚಾಚಿ ಎಸೆಯುವುದರಿಂದ ಚೆಂಡು ಹಾರುವ ದೂರ ಅದಕ್ಕಿಂತಲೂ ಕಡಿಮೆ. 95 ಮೈಲಿ ವೇಗದ ಚೆಂಡು ಮುಟ್ಟಲು ಸುಮಾರು 0.4 ಸೆಕೆಂಡ್. ಅಷ್ಟರಲ್ಲಿ ಇದು ಫಾಸ್ಟ್‌ಬಾಲೋ ಸ್ಲೈಡರೋ ಗುರುತಿಸಬೇಕು, ಹೊಡೆಯುವುದೋ ಬಿಡುವುದೋ ತೀರ್ಮಾನಿಸಬೇಕು, ಬ್ಯಾಟ್ ಬೀಸಬೇಕು. ಎರಡು ಮೈಲಿ ವೇಗ ಏರಿದರೆ ಆ ಕಣ್ಣು ಮಿಟುಕಿಸುವ ಹೊತ್ತಿನಲ್ಲೂ ಒಂದು ಚೂರು ಕಿತ್ತುಕೊಂಡ ಹಾಗೆ.

ಆದರೂ ಸ್ಟಫ್ ಒಂದನ್ನೇ ನಂಬುವವರ ಜೊತೆ ನನಗೆ ಜಗಳ ಇದೆ. ಹ್ಯಾಲಡೇ 2000ದಲ್ಲಿ ನಿಧಾನ ಎಸೆಯುತ್ತಿದ್ದ ಅಂದುಕೊಂಡಿರಾ? ಇಲ್ಲ, ಅವನ ಫಾಸ್ಟ್‌ಬಾಲ್‌ಗೆ ಒಳ್ಳೆ ವೇಗ ಇತ್ತು. ಆದರೆ ಅದು ನೆಟ್ಟಗೆ ಬರುತ್ತಿತ್ತು, ಬ್ಯಾಟರ್‌ಗಳಿಗೆ ಚೆನ್ನಾಗಿ ಕಾಣುತ್ತಿತ್ತು. ಗ್ರೆಗ್ ಮ್ಯಾಡಕ್ಸ್ ಕಥೆ ಇದರ ತಿರುಗುಮುರುಗು. ಅವನ ಫಾಸ್ಟ್‌ಬಾಲ್‌ಗೆ ಹೇಳಿಕೊಳ್ಳುವಂಥ ವೇಗ ಇರಲಿಲ್ಲ. ಆದರೆ ಚೆಂಡನ್ನು ಬೇಕಾದ ಮೂಲೆಗೆ ಇಡುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. 1992ರಿಂದ 1995ರವರೆಗೆ ಸತತ ನಾಲ್ಕು ಸೈ ಯಂಗ್, ಒಟ್ಟು 355 ಗೆಲುವು. ಅವನ ಮೊದಲ ಪೂರ್ತಿ ಸೀಸನ್ ಆದ 1987ರಲ್ಲಿ ಇಆರ್‌ಎ 5.61, 6 ಗೆಲುವು, 14 ಸೋಲು. ಮರುವರ್ಷವೇ 18 ಗೆಲುವು. ಆ 5.61 ನೋಡಿ ಯಾರಾದರೂ ಅವನನ್ನು ಬಿಟ್ಟುಕೊಟ್ಟಿದ್ದರೆ ಎಂಥ ನಷ್ಟ ಆಗುತ್ತಿತ್ತು!

ಇನ್ನೊಂದು ಮಾತು, ಇದನ್ನು ಜನ ಮರೆಯುತ್ತಾರೆ. ಎರಡೇ ಒಳ್ಳೆ ಪಿಚ್, ಅಂದರೆ ಎರಡೇ ಬಗೆಯ ಒಳ್ಳೆ ಎಸೆತ, ಇರುವವನು ಒಂದು ಇನ್ನಿಂಗ್‌ಗೆ ರಾಜ. ಅದೇ ಬ್ಯಾಟರ್‌ಗಳು ಮೂರನೇ ಸಲ ಎದುರಿಗೆ ಬಂದಾಗ ಅವರಿಗೆ ಅವನ ಗುಟ್ಟೆಲ್ಲ ತಿಳಿದಿರುತ್ತದೆ. ಪಂದ್ಯದ ಶುರುವಿನಿಂದ ಎಸೆಯುವ ಬಹುತೇಕ ಎಲ್ಲ ಸ್ಟಾರ್ಟರ್‌ಗಳ ಲೆಕ್ಕವೂ ಮೂರನೇ ಸುತ್ತಿನಲ್ಲಿ ಕೆಡುತ್ತದೆ. ಹಾಗಾಗಿ ಬಲಗೈ ಪಿಚರ್ ಆದರೆ ಎಡಗೈ ಬ್ಯಾಟರ್‌ಗೆ ಎಸೆಯಲು ಅವನ ಹತ್ತಿರ ಏನಿದೆ, ಫಾಸ್ಟ್‌ಬಾಲ್‌ನಂತೆ ಕಂಡು ನಿಧಾನವಾಗಿ ಬರುವ ಒಂದು ನಂಬಿಕಸ್ಥ ಚೇಂಜಪ್ ಇದೆಯಾ ಅಂತ ನಾನು ನೋಡುತ್ತೇನೆ. ಇಲ್ಲದವನು ಎಷ್ಟೇ ವೇಗವಾಗಿ ಎಸೆಯಲಿ, ಅವನ ದಾರಿ ಬುಲ್‌ಪೆನ್ ಕಡೆಗೆ ತಿರುಗುವ ಸಾಧ್ಯತೆ ಜಾಸ್ತಿ.

ಇಲ್ಲಿಯವರೆಗೆ ಹೇಳಿದ್ದು ಇವತ್ತಿನ ತಾಕತ್ತಿನ ಮಾತು. ಐದು ವರ್ಷದ ಮುಂದಿನದು ಬೇರೆಯೇ ಪ್ರಶ್ನೆ.

2001ರಲ್ಲಿ ಬ್ಲೂ ಜೇಸ್ ಹ್ಯಾಲಡೇಯನ್ನು ಡನೀಡನ್‌ಗೆ ಕಳಿಸಿತು. ಅದು ಎ ದರ್ಜೆ, ಮೇಜರ್ ಲೀಗ್‌ನಿಂದ ಮೂರು ಮೆಟ್ಟಿಲು ಕೆಳಗೆ. ಮೇಜರ್ ಲೀಗ್‌ನಲ್ಲಿ ಆಡಿ ಬಂದವನಿಗೆ ಇದಕ್ಕಿಂತ ಅವಮಾನ ಇನ್ನೇನಿದೆ. ಆ ವರ್ಷ ಮೆಲ್ ಕ್ವೀನ್ ಅನ್ನುವ ಅನುಭವಿ ಕೋಚ್ ಅವನ ಎಸೆತವನ್ನು ಬಿಚ್ಚಿ ಮತ್ತೆ ಜೋಡಿಸಿದರು. ತಲೆ ಮೇಲಿಂದ ನೇರವಾಗಿ ಬರುತ್ತಿದ್ದ ತೋಳನ್ನು ಕೆಳಗಿಳಿಸಿ ಓರೆ ಮಾಡಿಸಿದರು. ನೆಟ್ಟಗಿನ ಫಾಸ್ಟ್‌ಬಾಲ್ ಹೋಗಿ ಒಂದು ಕಡೆ ಮುಳುಗುವ ಸಿಂಕರ್, ಇನ್ನೊಂದು ಕಡೆ ಸರಿಯುವ ಕಟರ್ ಬಂತು. ಅದೇ ವರ್ಷ ಅವನು ಮೇಜರ್ ಲೀಗ್‌ಗೆ ವಾಪಸ್. 2003ರಲ್ಲಿ 266 ಇನ್ನಿಂಗ್ ಎಸೆದು 204 ಸ್ಟ್ರೈಕೌಟ್, ಬರೀ 32 ವಾಕ್. ನಾಲ್ಕು ವರ್ಷದ ಹಿಂದೆ ಇದಕ್ಕಿಂತ 117 ಇನ್ನಿಂಗ್ ಕಡಿಮೆ ಎಸೆದು 79 ವಾಕ್ ಕೊಟ್ಟವನೇ ಇವನು. ಸೈ ಯಂಗ್ ಅವನದಾಯಿತು.

ಯಾವ ಎಫ್‌ಐಪಿಯೂ ಯಾವ ಸ್ಟಫ್ ಅಂಕವೂ ಇದನ್ನು ಮುಂಚೆ ಹೇಳಲು ಆಗುತ್ತಿರಲಿಲ್ಲ. ಯಾಕೆಂದರೆ ಆ ಅಂಕಿಗಳು ಅಳೆದಿದ್ದು ಆಗ ಇದ್ದ ಪಿಚರ್‌ನನ್ನು. ಬದಲಾಗುವ ಶಕ್ತಿ ಯಾವ ಅಂಕಣದಲ್ಲೂ ಇರುವುದಿಲ್ಲ. ರ‍್ಯಾಂಡಿ ಜಾನ್ಸನ್ 1990, 91, 92 ಮೂರು ವರ್ಷವೂ ಅಮೆರಿಕನ್ ಲೀಗ್‌ನಲ್ಲಿ ಅತಿ ಹೆಚ್ಚು ವಾಕ್ ಕೊಟ್ಟವನು. 1992ರಲ್ಲಿ ಎದುರಾಳಿ ತಂಡದ ನೋಲನ್ ರಯಾನ್ ಮತ್ತು ಕೋಚ್ ಟಾಮ್ ಹೌಸ್ ಅವನಿಗೆ ಒಂದು ಮಾತು ಹೇಳಿದರು: ಎಸೆದ ಮೇಲೆ ನಿನ್ನ ಮುಂದಿನ ಕಾಲು ಹಿಮ್ಮಡಿ ಮೇಲೆ ಬೀಳುತ್ತಿದೆ, ಮುಂಗಾಲಿನ ಮೇಲೆ ಬೀಳಬೇಕು. ಅವನಿಗಾಗ 28. ಮರುವರ್ಷ ವಾಕ್ 144ರಿಂದ 99ಕ್ಕೆ ಇಳಿಯಿತು, ಸ್ಟ್ರೈಕೌಟ್ 308 ಆಯಿತು. ಮೊದಲ ಸೈ ಯಂಗ್ ಬಂದಿದ್ದು 1995ರಲ್ಲಿ, ಆಮೇಲೆ ಇನ್ನೂ ನಾಲ್ಕು. ಜೇಕಬ್ ಡಿಗ್ರಾಮ್ ಅಂತೂ ಕಾಲೇಜಿನಲ್ಲಿ ಹೆಚ್ಚಾಗಿ ಆಡಿದ್ದೇ ಶಾರ್ಟ್‌ಸ್ಟಾಪ್ ಜಾಗದಲ್ಲಿ. ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸುವ ಡ್ರಾಫ್ಟ್‌ನಲ್ಲಿ, 2010ರಲ್ಲಿ, ಒಂಬತ್ತನೇ ಸುತ್ತಿನವರೆಗೂ ಅವನ ಹೆಸರು ಬರಲಿಲ್ಲ.

ಹಾಗಂತ ಎಲ್ಲರೂ ಬದಲಾಗುತ್ತಾರೆ ಅಂತ ನಂಬಿ ಕೂರುವುದೂ ತಪ್ಪು. ಮೊಣಕೈ ಸರಿಪಡಿಸುವ ಹಾಗೆ ಎಸೆತ ಸರಿಪಡಿಸಲು ಹೋಗಿ ಕೆಟ್ಟವರ ಸಂಖ್ಯೆ ದೊಡ್ಡದು, ಅವರ ಹೆಸರು ನಮಗೆ ಗೊತ್ತಿಲ್ಲ ಅಷ್ಟೇ. ನಾನು ಹುಡುಕುವುದು ಸಣ್ಣ ಸುಳಿವುಗಳನ್ನು. ವರ್ಷದಿಂದ ವರ್ಷಕ್ಕೆ ವಾಕ್ ಇಳಿಯುತ್ತಿದೆಯಾ? ಹಿಂದಿನ ಸೀಸನ್‌ನಲ್ಲಿ ಇಲ್ಲದ ಪಿಚ್ ಈ ಸೀಸನ್‌ನಲ್ಲಿ ಬಂದಿದೆಯಾ? ಮೈನರ್ ಲೀಗ್‌ನಲ್ಲಿ ತನಗಿಂತ ಮೂರು ವರ್ಷ ದೊಡ್ಡವರ ಎದುರು ಎಸೆಯುತ್ತಿದ್ದಾನಾ, ಚಿಕ್ಕವರ ಎದುರಾ? 20 ವರ್ಷದವನು ಡಬಲ್-ಎ ದರ್ಜೆಯಲ್ಲಿ ಸಾಧಾರಣವಾಗಿ ಆಡುವುದು, 25ರವನು ಅಲ್ಲೇ ಮಿಂಚುವುದಕ್ಕಿಂತ ನನಗೆ ದೊಡ್ಡದಾಗಿ ಕಾಣುತ್ತದೆ.

ಇನ್ನು ದೇಹದ ವಿಷಯ. ನನಗೆ ನಿಜವಾಗಿ ಸಂಕಟ ಕೊಡುವುದು ಇದು. ತಾಕತ್ತು ಅಳೆಯಲು ನಾವು ಯಾವುದಕ್ಕೆ ಹೆಚ್ಚು ಅಂಕ ಕೊಡುತ್ತೇವೋ ಅದೇ ವೇಗ ತೋಳನ್ನು ಮುರಿಯುತ್ತಿದೆ. 2024ರ ಡಿಸೆಂಬರ್‌ನಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ಪಿಚರ್‌ಗಳ ಗಾಯದ ಬಗ್ಗೆ ದೊಡ್ಡ ವರದಿ ಹೊರತಂದಿತು. 2008ರಲ್ಲಿ ಸರಾಸರಿ ಫಾಸ್ಟ್‌ಬಾಲ್ ವೇಗ 91.3 ಮೈಲಿ ಇದ್ದದ್ದು 2024ಕ್ಕೆ 94.2 ಆಗಿತ್ತು. ಪಿಚರ್‌ಗಳು ಗಾಯಾಳು ಪಟ್ಟಿ ಸೇರಿದ್ದು 2005ರಲ್ಲಿ 212 ಸಲ, 2024ರಲ್ಲಿ 485 ಸಲ. ವರದಿ ಬೊಟ್ಟು ಮಾಡಿದ್ದು ವೇಗದ ಬೆನ್ನು ಹತ್ತಿರುವುದು, ಸ್ಟಫ್ ಮೇಲಿನ ಗಮನ, ಪ್ರತಿ ಚೆಂಡನ್ನೂ ಮೈಯೆಲ್ಲ ಶಕ್ತಿ ಹಾಕಿ ಎಸೆಯುವ ರೂಢಿ, ಇವುಗಳ ಕಡೆಗೆ. ಸ್ಕೌಟ್ ಕೈಯ ರಾಡಾರ್ ಗನ್‌ನಲ್ಲಿ ದೊಡ್ಡ ಸಂಖ್ಯೆ ಕಾಣಲಿ ಅಂತ ಶಾಲೆಯ ಹುಡುಗರೂ ಇದನ್ನೇ ಮಾಡುತ್ತಿದ್ದಾರೆ. ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ದುಡ್ಡು ಆ ಸಂಖ್ಯೆಗೇ ಸಿಗುವಾಗ ಅವರು ಇನ್ನೇನು ಮಾಡಬೇಕು?

ಮೊಣಕೈ ಒಳಬದಿಯ ಲಿಗಮೆಂಟ್ ಹರಿದರೆ ಕೈಯ ಬೇರೆ ಕಡೆಯಿಂದಲೋ ಕಾಲಿನಿಂದಲೋ ಸ್ನಾಯುರಜ್ಜು ತೆಗೆದು ಅಲ್ಲಿ ಕೂರಿಸುತ್ತಾರೆ. 1974ರಲ್ಲಿ ಡಾ. ಫ್ರಾಂಕ್ ಜೋಬ್ ಇದನ್ನು ಮೊದಲು ಮಾಡಿದ್ದು ಟಾಮಿ ಜಾನ್ ಎಂಬ ಪಿಚರ್‌ಗೆ. 1976ರಲ್ಲಿ ಮರಳಿದ ಅವನು ಮತ್ತೆ 164 ಪಂದ್ಯ ಗೆದ್ದ. ಆ ಶಸ್ತ್ರಚಿಕಿತ್ಸೆಗೆ ಅವನದೇ ಹೆಸರು ನಿಂತಿತು. ಅದೊಂದು ಪವಾಡ ಆಗಿದ್ದ ಕಾಲ ಹೋಗಿ ಈಗ ಮಾಮೂಲಾಗಿದೆ.

ಸ್ಟೀಫನ್ ಸ್ಟ್ರಾಸ್‌ಬರ್ಗ್ 2009ರ ಡ್ರಾಫ್ಟ್‌ನ ಮೊದಲ ಆಯ್ಕೆ. 2010ರ ಜೂನ್ 8ರಂದು ಮೊದಲ ಪಂದ್ಯದಲ್ಲೇ 14 ಸ್ಟ್ರೈಕೌಟ್. ಅದೇ ವರ್ಷ ಟಾಮಿ ಜಾನ್ ಶಸ್ತ್ರಚಿಕಿತ್ಸೆ. 2012ರಲ್ಲಿ ತಂಡ ಪ್ಲೇಆಫ್ ಹಾದಿಯಲ್ಲಿದ್ದರೂ ಅವನ ತೋಳು ಉಳಿಸಲು 159 ಇನ್ನಿಂಗ್‌ಗೆ ಸೀಸನ್ ನಿಲ್ಲಿಸಿದರು. 2019ರಲ್ಲಿ ವರ್ಲ್ಡ್ ಸೀರೀಸ್‌ನ ಅತ್ಯುತ್ತಮ ಆಟಗಾರ. ಕೂಡಲೇ ಏಳು ವರ್ಷಕ್ಕೆ 24.5 ಕೋಟಿ ಡಾಲರ್ ಒಪ್ಪಂದ. ಆ ಒಪ್ಪಂದದಲ್ಲಿ ಅವನು ಎಸೆದಿದ್ದು ಬರೀ ಎಂಟು ಪಂದ್ಯ. ತಾಕತ್ತು ಅಳೆಯುವುದರಲ್ಲಿ ಯಾರೂ ತಪ್ಪು ಮಾಡಿರಲಿಲ್ಲ, ಎಲ್ಲರೂ ಸರಿಯಾಗೇ ಅಳೆದಿದ್ದರು. ದೇಹ ಒಪ್ಪಲಿಲ್ಲ.

ಡಿಗ್ರಾಮ್‌ನದು ಇನ್ನೂ ವಿಚಿತ್ರ. ಪಿಚರ್‌ಗಳ ವೇಗ ಇಪ್ಪತ್ತರ ಹರೆಯ ದಾಟುತ್ತಿದ್ದ ಹಾಗೆ ಇಳಿಯುತ್ತದೆ. ಇವನದು ಮೂವತ್ತರ ನಂತರ ಏರಿತು. 2021ರಲ್ಲಿ ಸರಾಸರಿ ಫಾಸ್ಟ್‌ಬಾಲ್ 99 ಮೈಲಿ, 15 ಪಂದ್ಯದಲ್ಲಿ 1.08 ಇಆರ್‌ಎ. ಅಷ್ಟು ಚೆನ್ನಾಗಿ ಎಸೆದ ಪಿಚರ್‌ನನ್ನು ನಾನು ಬೇರೆ ನೋಡಿಲ್ಲ, ಆ ಪಂದ್ಯಗಳನ್ನು ನೋಡುವಾಗ ಖುಷಿ ಎಷ್ಟೋ ಭಯವೂ ಅಷ್ಟೇ ಇತ್ತು. ಜುಲೈ ನಂತರ ಆ ಸೀಸನ್‌ನಲ್ಲಿ ಅವನು ಎಸೆಯಲೇ ಇಲ್ಲ. 2023ರಲ್ಲಿ ಟೆಕ್ಸಾಸ್‌ಗೆ ಹೋಗಿ ಆರು ಪಂದ್ಯಕ್ಕೆ ಮತ್ತೊಂದು ಶಸ್ತ್ರಚಿಕಿತ್ಸೆ. 2025ರಲ್ಲಿ, 37ರ ವಯಸ್ಸಿನಲ್ಲಿ, ವೇಗ ಸ್ವಲ್ಪ ಕಡಿಮೆಯಾಗಿ ಬಂದ, 30 ಪಂದ್ಯ ಎಸೆದ, ಇಆರ್‌ಎ 2.97. 1.08ರ ಡಿಗ್ರಾಮ್ ದೊಡ್ಡವನೋ, ಐದು ದಿನಕ್ಕೊಮ್ಮೆ ತಪ್ಪದೆ ಬಂದು 2.97 ಕೊಟ್ಟ ಡಿಗ್ರಾಮೋ? ತಂಡ ಕಟ್ಟುವವನಾದರೆ ನಾನು ಎರಡನೆಯವನನ್ನೇ ಆರಿಸಿಕೊಳ್ಳುತ್ತೇನೆ.

ಸ್ಕೀನ್ಸ್ ಬಗ್ಗೆ ಹತ್ತು ವರ್ಷದ ಭವಿಷ್ಯ ಕೇಳುವವರಿಗೂ ನನ್ನ ಉತ್ತರ ಇಷ್ಟೇ. ಸ್ಟ್ರೈಕೌಟ್ ಇದೆ, ವಾಕ್ ಕಡಿಮೆ, ಎಡಗೈ ಬ್ಯಾಟರ್‌ಗೂ ಬಲಗೈ ಬ್ಯಾಟರ್‌ಗೂ ಬೇರೆ ಬೇರೆ ಪಿಚ್ ಇದೆ, ಹೊಸದನ್ನು ಕಲಿಯುತ್ತಲೇ ಇದ್ದಾನೆ. ಅವನ ತಾಕತ್ತಿನ ಬಗ್ಗೆ ನನಗೆ ಒಂಚೂರೂ ಅನುಮಾನ ಇಲ್ಲ. ಆದರೆ ಫಾಸ್ಟ್‌ಬಾಲ್ 98 ಮೈಲಿ. ಹತ್ತು ವರ್ಷಕ್ಕೆ ಬರೆದಿಡುವ ಧೈರ್ಯ ನನಗಿಲ್ಲ, ಮೂರು ವರ್ಷಕ್ಕೆ ಕಣ್ಣು ಮುಚ್ಚಿ ಬರೆಯುತ್ತೇನೆ.

ಹ್ಯಾಲಡೇಗೆ ಆ ನೋ-ಹಿಟರ್ ಕೊನೆಗೂ ಸಿಕ್ಕಿತು, ಒಂದಲ್ಲ ಎರಡು. ಎರಡೂ 2010ರಲ್ಲಿ, ಫಿಲಡೆಲ್ಫಿಯಾ ತಂಡದಲ್ಲಿದ್ದಾಗ. ಮೇ ತಿಂಗಳಲ್ಲಿ ಒಬ್ಬನೂ ಬೇಸ್ ಮುಟ್ಟದ ಪರ್ಫೆಕ್ಟ್ ಗೇಮ್. ಅಕ್ಟೋಬರ್ 6ರಂದು ಪ್ಲೇಆಫ್‌ನಲ್ಲಿ ಸಿನ್ಸಿನಾಟಿ ವಿರುದ್ಧ ಇನ್ನೊಂದು. ಅವತ್ತು 28 ಬ್ಯಾಟರ್‌ಗಳಿಗೆ ಎಸೆದ, ಅವರಲ್ಲಿ 25 ಜನರಿಗೆ ಮೊದಲ ಚೆಂಡೇ ಸ್ಟ್ರೈಕ್. ಇಡೀ ಪಂದ್ಯಕ್ಕೆ ಒಂದೇ ವಾಕ್. ಕೊನೆಯ ಬ್ಯಾಟರ್ ಬ್ರ್ಯಾಂಡನ್ ಫಿಲಿಪ್ಸ್. ಚೆಂಡು ಬ್ಯಾಟಿನ ಅಂಚಿಗೆ ತಗುಲಿ ಹೋಮ್ ಪ್ಲೇಟ್ ಮುಂದೆಯೇ ಮೆಲ್ಲಗೆ ಉರುಳಿತು, ಫಿಲಿಪ್ಸ್ ಕೆಳಗೆ ಹಾಕಿದ ಬ್ಯಾಟಿನ ಪಕ್ಕಕ್ಕೇ ಹೋಯಿತು. ಹ್ಯಾಲಡೇ ಮಾಡಬೇಕಾದ್ದೆಲ್ಲ ಮಾಡಿ ಮುಗಿಸಿದ್ದ. ಕ್ಯಾಚರ್ ಕಾರ್ಲೋಸ್ ರೂಯಿಸ್ ಓಡಿ ಬಂದು ಬ್ಯಾಟಿನ ಪಕ್ಕದಿಂದ ಚೆಂಡು ಹೆಕ್ಕಿ, ಮಂಡಿಯೂರಿಕೊಂಡೇ ಮೊದಲ ಬೇಸ್‌ಗೆ ಎಸೆದ.